ಒಂದು ಮೊಳ ದಾರ, ಐದು ಹೂವು: ಕೈಕಸೂತಿ ಶುರು ಮಾಡುವವರಿಗೆ

ನಾನು ಮೊಟ್ಟಮೊದಲು ಹೊಲಿದ ಗುಲಾಬಿಯನ್ನು ನೋಡಿ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಮಾತು. "ಇದೇನವ್ವಾ, ಎಲೆಕೋಸಾ?"

ಅವರ ತಪ್ಪೇನಿಲ್ಲ. ಲಡಿಯಿಂದ ಕತ್ತರಿಸಿದ ದಾರವನ್ನು ಆರೂ ಎಳೆ ಸಮೇತ ಸೂಜಿಗೆ ಏರಿಸಿದ್ದೆ. ಮತ್ತೆ ಮತ್ತೆ ಪೋಣಿಸುವ ರಗಳೆ ಬೇಡ ಅಂತ ಒಂದು ಮಾರು ಉದ್ದ ಇಟ್ಟುಕೊಂಡಿದ್ದೆ. ಪಕಳೆಯ ಈ ಅಂಚಿನಿಂದ ಆ ಅಂಚಿಗೆ ದಾರ ಎಳೆದು ತುಂಬಿಸಿದರೆ ಕಸೂತಿ ಆಯಿತು ಅಂದುಕೊಂಡಿದ್ದೆ. ಬಟ್ಟೆ ಸುಕ್ಕಾಗಿ, ದಾರ ಜುಂಗೆದ್ದು, ಹೂವು ಉಬ್ಬಿಕೊಂಡು ಕೂತಿತ್ತು.

ದೊಡ್ಡಮ್ಮ ತಕ್ಷಣ ಹೊಲಿಗೆ ಹೇಳಿಕೊಡಲಿಲ್ಲ. ಮಾರನೇ ದಿನ ಬೀದಿಗೆ ಬಂದ ಹೂವಿನವಳ ಬುಟ್ಟಿಯಿಂದ ಒಂದು ಸೇವಂತಿಗೆ, ನಾಲ್ಕು ಮಲ್ಲಿಗೆ ಮೊಗ್ಗು ತಂದು ನನ್ನ ಮುಂದೆ ಇಟ್ಟರು. "ಇದರ ಪಕಳೆ ನೋಡು, ಸಣ್ಣಗೆ ಉದ್ದ. ಇದು ನೋಡು, ಉಂಡೆ. ಎರಡಕ್ಕೂ ಒಂದೇ ಹೊಲಿಗೆ ಹಾಕ್ತೀಯಾ?" ಅಂದರು.

ಇವತ್ತಿಗೂ ನಾನು ಯಾರಿಗೆ ಹೇಳಿಕೊಟ್ಟರೂ ಅಲ್ಲಿಂದಲೇ ಶುರು. ಮೊದಲು ಹೂವು ನೋಡಬೇಕು, ಆಮೇಲೆ ಹೊಲಿಗೆ ಆರಿಸಬೇಕು. ಹೆಸರು ಗೊತ್ತಿರುವ ಹೊಲಿಗೆಗಳು ಐವತ್ತು ಇರಬೇಕಾಗಿಲ್ಲ. ಐದಾರು ಬಂದರೆ ನಮ್ಮ ದಾವಣಗೆರೆಯ ಹೂವಿನ ಅಂಗಡಿಯಲ್ಲಿ ಸಿಗುವ ಮುಕ್ಕಾಲು ಪಾಲು ಹೂವು ಬಟ್ಟೆ ಮೇಲೆ ಬರುತ್ತವೆ. ಇಲ್ಲಿ ಐದು ಹೂವು ಆರಿಸಿದ್ದೇನೆ: ಸೇವಂತಿಗೆ, ಸೂರ್ಯಕಾಂತಿ, ಗುಲಾಬಿ, ಮಲ್ಲಿಗೆ, ಹತ್ತಿ. ಇದೇ ಸಾಲಿನಲ್ಲಿ ಕಲಿಯಿರಿ. ಸುಲಭದ್ದು ಮೊದಲು, ಕೈ ಪಳಗಿದ ಮೇಲೆ ಮಾಡುವುದು ಕೊನೆಗೆ.

ಇನ್ನೊಂದು ಮಾತು. ಕಸೂತಿ ಅಂದ ಕೂಡಲೇ ಕೆಲವರಿಗೆ ಧಾರವಾಡದ ಕಸೂತಿ ನೆನಪಾಗುತ್ತದೆ. ಅದು ಬೇರೆ ವಿದ್ಯೆ. ಅಲ್ಲಿ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಲ್ಲಂತೂ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ನಮ್ಮದು ಪೆನ್ಸಿಲ್‌ನಲ್ಲಿ ಹೂವು ಬರೆದುಕೊಂಡು ಅದರ ಮೇಲೆ ಹೊಲಿಯುವ ಸಾದಾ ಹೂವಿನ ಕಸೂತಿ. ಎಣಿಸುವ ಗೋಜಿಲ್ಲ.

ಏನೇನು ಬೇಕು

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗಿ ನನ್ನ ಹತ್ತಿರ ಕಲಿಯಲು ಬಂದಳು. ಬರುವಾಗಲೇ ಆನ್‌ಲೈನ್‌ನಲ್ಲಿ ತರಿಸಿದ ದೊಡ್ಡ ಕಿಟ್ ಹಿಡಿದುಕೊಂಡಿದ್ದಳು. ನೂರು ಬಣ್ಣದ ದಾರ, ಐದು ರಿಂಗು, ಹೆಸರೇ ಗೊತ್ತಿಲ್ಲದ ಸಲಕರಣೆಗಳು. ದಾರ ಎಳೆದರೆ ಪಟ್ ಅಂತ ತುಂಡಾಗುತ್ತಿತ್ತು. ಅದನ್ನೆಲ್ಲ ಬದಿಗಿಡಿಸಿ ನಮ್ಮೂರಿನ ಚೌಕಿಪೇಟೆ ಕಡೆ ಕರೆದುಕೊಂಡು ಹೋದೆ. ಬ್ಲೌಸ್ ಪೀಸು, ಲೈನಿಂಗ್ ಮಾರುವ ಮ್ಯಾಚಿಂಗ್ ಸೆಂಟರ್ ಯಾವುದಾದರೂ ಸರಿ, ನಿಮಗೆ ಬೇಕಾದದ್ದು ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ.

ಬಟ್ಟೆ: ಅರ್ಧ ಮೀಟರ್ ಬಿಳಿ ಅಥವಾ ತಿಳಿ ಬಣ್ಣದ ಹತ್ತಿ ಬಟ್ಟೆ. ಕೇಸ್‌ಮೆಂಟ್ ಆಗಬಹುದು, ಕ್ಯಾಂಬ್ರಿಕ್ ಆಗಬಹುದು. ಮಲ್‌ಮಲ್ ಮೊದಲಿಗೆ ಬೇಡ, ತೀರಾ ತೆಳು, ಸುಕ್ಕಾಗುತ್ತದೆ. ಎಳೆದರೆ ಹಿಗ್ಗುವ ಬಟ್ಟೆಯಂತೂ ಮುಟ್ಟಲೇಬೇಡಿ. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು, ಹತ್ತಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ಗುರುತಿಸುವವರು ಈಗಲೂ ಮನೆಗೊಬ್ಬರಾದರೂ ಇದ್ದಾರೆ. ಅಂಥವರನ್ನು ಜೊತೆಗೆ ಕರೆದುಕೊಂಡು ಹೋಗಿ. ತಂದ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಹೂವಿನ ಸುತ್ತ ನೆರಿಗೆ ಬೀಳುತ್ತದೆ.

ದಾರ: ಕಸೂತಿಯ ಹತ್ತಿ ದಾರ ಅಂತ ಕೇಳಿ. ಆಂಕರ್ ದಾರ ಅಂದರೂ ಗೊತ್ತಾಗುತ್ತದೆ. ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ, ಅದು 6 ಎಳೆ ಸೇರಿದ ದಾರ. ಒಂದು ಬೆಣ್ಣೆ ದೋಸೆ ತಿನ್ನುವ ದುಡ್ಡಿಗೆ ಎರಡು ಮೂರು ಲಡಿ ಬರುತ್ತವೆ. ಬಿಳಿ, ಕೆನೆ, ಹಳದಿ, ಕಡು ಹಳದಿ, ಎರಡು ಗುಲಾಬಿ, ಎರಡು ಹಸಿರು, ಒಂದು ಕಂದು. ಇಷ್ಟು ಸಾಕು. ಹಸಿರು ಆರಿಸುವಾಗ ಗಿಣಿಹಸಿರು ಒಂದೇ ತರಬೇಡಿ. ಬೇವಿನ ಎಲೆಯ ಕಡು ಹಸಿರು ಒಂದು ಜೊತೆಗಿರಲಿ, ಎಲೆಗೆ ಜೀವ ಬರುತ್ತದೆ.

ಸೂಜಿ: ಕಣ್ಣು ಉದ್ದಕ್ಕಿರುವ ಎಂಬ್ರಾಯ್ಡರಿ ಸೂಜಿ, 7ರಿಂದ 9ನೇ ನಂಬರಿನದು. ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ, ಇದನ್ನು ಉಲ್ಟಾ ತಿಳಿದುಕೊಂಡು ದಬ್ಬಳ ತಂದವರಿದ್ದಾರೆ.

ರಿಂಗು: 5 ಅಥವಾ 6 ಇಂಚಿನ ಮರದ ರಿಂಗು ಒಂದು, ಅಂದರೆ ಬಟ್ಟೆಯನ್ನು ನಡುವೆ ಬಿಗಿಯಾಗಿ ಹಿಡಿಯುವ ಜೋಡಿ ಬಳೆ. ಒಳಗಿನ ಬಳೆಗೆ ಹಳೆ ಹತ್ತಿ ಬಟ್ಟೆಯ ಸಣ್ಣ ಪಟ್ಟಿಯನ್ನು ಓರೆಯಾಗಿ ಸುತ್ತಿ ಎರಡು ಹೊಲಿಗೆ ಹಾಕಿಬಿಡಿ. ಬಟ್ಟೆ ಜಾರುವುದಿಲ್ಲ, ರಿಂಗಿನ ಗುರುತೂ ಕಡಿಮೆ ಬೀಳುತ್ತದೆ. ಇದರ ಜೊತೆಗೆ ಚೂಪು ತುದಿಯ ಸಣ್ಣ ಕತ್ತರಿ. ಅದರಲ್ಲಿ ಕಾಗದ ಕತ್ತರಿಸಲು ಮನೆಯವರಿಗೆ ಬಿಡಬೇಡಿ.

ಚಿತ್ರ ಬರೆದುಕೊಳ್ಳುವುದು

ಸುಲಭದ ದಾರಿ ಕಿಟಕಿ ಗಾಜು. ಚಿತ್ರವಿರುವ ಕಾಗದವನ್ನು ಬೆಳಗಿನ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಮೇಲೆ ಬಟ್ಟೆ ಅಂಟಿಸಿ, ಚೆನ್ನಾಗಿ ಕೆತ್ತಿದ ಪೆನ್ಸಿಲ್‌ನಲ್ಲಿ ಮೆಲ್ಲಗೆ ಗೆರೆ ಎಳೆಯಿರಿ. ಬಟ್ಟೆ ದಪ್ಪವಾಗಿದ್ದರೆ ಅಥವಾ ಕಡು ಬಣ್ಣದ್ದಾಗಿದ್ದರೆ ಹಳದಿ ಕಾರ್ಬನ್ ಹಾಳೆ ಬೇಕು. ಬ್ಲೌಸಿಗೆ ಆರಿ ವರ್ಕ್ ಮಾಡುವವರು ಬಟರ್ ಪೇಪರಿನ ಮೇಲಿನ ಚಿತ್ರಕ್ಕೆ ಸೂಜಿಯಿಂದ ಸಾಲು ತೂತು ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಮೇಲೆ ಒರೆಸಿ ಅಚ್ಚು ಇಳಿಸುತ್ತಾರೆ. ಒಂದೇ ಚಿತ್ರವನ್ನು ಹತ್ತು ಸಲ ಇಳಿಸುವವರಿಗೆ ಅದು ಸರಿ, ಒಂದು ಕರ್ಚೀಫಿಗೆ ಅಷ್ಟೆಲ್ಲ ಬೇಡ.

ನೀರಿಗೆ ಹೋಗುವ ನೀಲಿ ಪೆನ್ ಕೂಡ ಸಿಗುತ್ತದೆ. ಬಹಳ ಅನುಕೂಲ. ಆದರೆ ಅದರ ಗೆರೆ ಇರುವಾಗ ಇಸ್ತ್ರಿ ತಾಗಿಸಬಾರದು. ಕಾವು ಬಿದ್ದರೆ ಆ ನೀಲಿ ಬಟ್ಟೆಯಲ್ಲಿ ಕೂತುಬಿಡಬಹುದು. ಅತ್ತಿಗೆಯ ಸೀಮಂತಕ್ಕೆ ಅಂತ ಒಂದು ದಿಂಬಿನ ಕವರ್ ಹೊಲಿದಿದ್ದೆ. ಹೊರಡುವ ಅವಸರದಲ್ಲಿ ಒಗೆಯದೆ ಇಸ್ತ್ರಿ ಎಳೆದೆ. ಮಲ್ಲಿಗೆಯ ಸುತ್ತ ನೀಲಿ ಅಂಚು ಈಗಲೂ ಹಾಗೇ ಇದೆ. ಅತ್ತಿಗೆ ಪಾಪ, ಅದು ಡಿಸೈನು ಅಂತಲೇ ತಿಳಿದಿದ್ದಾರೆ.

ಚಿತ್ರ ಯಾವುದು ಬರೆಯಬೇಕು? ಹೂವನ್ನೇ ಎದುರಿಗೆ ಇಟ್ಟುಕೊಳ್ಳಿ. ಪಕಳೆ ಎಷ್ಟು, ತುದಿ ಚೂಪೋ ಗುಂಡಗೋ, ನಡುವೆ ಏನಿದೆ, ತೊಟ್ಟು ಎಲ್ಲಿ ಸೇರಿದೆ. ಇಷ್ಟು ನೋಡಿ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ಬರೆಯಿರಿ. ತೀರಾ ಚಿಕ್ಕ ಹೂವು ಸುಲಭ ಅನ್ನಿಸುತ್ತದೆ, ಆದರೆ ಹೊಸಬರಿಗೆ ಅದೇ ಕಷ್ಟ.

ಒಂದು ಮೊಳ ದಾರ

ಹೂವಿನವಳು ಹೂ ಅಳೆಯುವುದನ್ನು ನೋಡಿದ್ದೀರಲ್ಲ, ಮೊಣಕೈಯಿಂದ ನಡುಬೆರಳ ತುದಿಗೆ. ಸೂಜಿಗೂ ಅಷ್ಟೇ ದಾರ, ಒಂದು ಮೊಳ. ಅಳತೆಪಟ್ಟಿ ಹಿಡಿದರೆ ಸುಮಾರು 45 ಸೆಂಟಿಮೀಟರ್. ದಾರ ಉದ್ದವಾದಷ್ಟೂ ಅದೇ ಜಾಗ ಬಟ್ಟೆಯೊಳಗೆ ಹೆಚ್ಚು ಸಲ ಹಾದುಹೋಗುತ್ತದೆ, ಸವೆದು ಜುಂಗೇಳುತ್ತದೆ. ಸಿಕ್ಕೂ ಜಾಸ್ತಿ. ನನ್ನ ಎಲೆಕೋಸಿನ ಅರ್ಧ ಕಥೆ ಇದೇ.

ಇನ್ನರ್ಧ ಎಳೆಯದ್ದು. ಆರೆಳೆ ದಾರವನ್ನು ಹಾಗೇ ಬಳಸುವ ಕೆಲಸ ಕಡಿಮೆ. ಬಿಡಿಸುವುದು ಹೀಗೆ: ಮೊಳದಷ್ಟು ದಾರ ಕತ್ತರಿಸಿ. ತುದಿಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಒಂದೇ ಒಂದು ಎಳೆಯನ್ನು ಮೇಲಕ್ಕೆ ನೇರ ಎಳೆಯಿರಿ. ಉಳಿದ ಐದು ಎಳೆ ಕೆಳಗೆ ಗುಂಪಾಗಿ ಮುದುಡಿಕೊಳ್ಳುತ್ತವೆ, ಗಾಬರಿ ಬೇಡ, ಎಳೆ ಪೂರ್ತಿ ಹೊರಬಂದ ಕೂಡಲೇ ತಾವಾಗಿ ಬಿಚ್ಚಿಕೊಳ್ಳುತ್ತವೆ. ಎರಡು ಎಳೆ ಬೇಕಿದ್ದರೆ ಒಂದಾದ ಮೇಲೆ ಒಂದು ಎಳೆದು, ಆಮೇಲೆ ಜೋಡಿಸಿ. ಎರಡನ್ನೂ ಒಟ್ಟಿಗೆ ಎಳೆದರೆ ಗಂಟು ಬೀಳುವುದು ಗ್ಯಾರಂಟಿ. ಹೀಗೆ ಬಿಡಿಸಿ ಜೋಡಿಸಿದ ದಾರ ಬಟ್ಟೆ ಮೇಲೆ ಅಗಲವಾಗಿ, ನುಣುಪಾಗಿ ಕೂರುತ್ತದೆ.

ಪೋಣಿಸುವಾಗ ದಾರದ ತುದಿಯನ್ನು ಎಂಜಲು ಮಾಡುವುದು ನಮ್ಮೆಲ್ಲರ ಅಭ್ಯಾಸ. ಅದರ ಬದಲು ತುದಿಯನ್ನು ಓರೆಯಾಗಿ ಕತ್ತರಿಸಿ ನೋಡಿ. ಆಗಲೂ ಹೋಗದಿದ್ದರೆ ದಾರವನ್ನು ಸೂಜಿಯ ಮೇಲೆ ಮಡಚಿ ಬಿಗಿಯಾಗಿ ಹಿಡಿದು, ಸೂಜಿ ಜಾರಿಸಿ, ಆ ಮಡಿಕೆಯನ್ನೇ ಕಣ್ಣಿಗೆ ತಳ್ಳಿ. ಹೊಲಿಯುತ್ತಾ ಹೋದ ಹಾಗೆ ದಾರ ಹುರಿಗೊಳ್ಳುತ್ತದೆ. ಆಗಾಗ ರಿಂಗನ್ನು ತಿರುವಿ ಹಿಡಿದು ಸೂಜಿಯನ್ನು ಕೆಳಕ್ಕೆ ಜೋತುಬಿಡಿ, ಗಿರಗಿರ ಸುತ್ತಿ ತಾನೇ ಸಡಿಲವಾಗುತ್ತದೆ.

ರಿಂಗಿಗೆ ಬಟ್ಟೆ ಹಾಕಿ ಸ್ಕ್ರೂ ಬಿಗಿ ಮಾಡಿ. ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಡಬ್ ಅನ್ನಬೇಕು. ಅಂಚು ಹಿಡಿದು ಎಳೆಯುವಾಗ ಬಟ್ಟೆಯ ಹಾಸು, ಹೊಕ್ಕಿನ (ಉದ್ದದ ಎಳೆ, ಅಡ್ಡದ ಎಳೆಯ) ನೇರಕ್ಕೆ ಎಳೆಯಿರಿ. ಮೂಲೆಗೆ ಎಳೆದರೆ ನೇಯ್ಗೆ ಸೊಟ್ಟಗಾಗಿ, ರಿಂಗು ತೆಗೆದಾಗ ಗುಂಡನೆ ಹೂವು ಮೊಟ್ಟೆಯಾಗಿರುತ್ತದೆ. ಕೆಲಸ ಮುಗಿದ ದಿನವೇ ರಿಂಗು ಬಿಚ್ಚಿಡಿ.

ಮೊದಲು ಕರಿಬೇವು

ಹೂವಿಗಿಂತ ಮುಂಚೆ ದಂಟು, ಎಲೆ. ನಾನು ಎಲ್ಲರಿಗೂ ಮೊದಲು ಹೊಲಿಸುವುದು ಒಂದು ಎಸಳು ಕರಿಬೇವು. ಚಿತ್ರ ಸುಲಭ, ಎರಡು ಹೊಲಿಗೆ ಬರುತ್ತದೆ, ತಪ್ಪಿದರೂ ಕರಿಬೇವಿನ ಹಾಗೇ ಕಾಣುತ್ತದೆ.

ದಂಟಿಗೆ ಸ್ಟೆಮ್ ಸ್ಟಿಚ್, ಎರಡು ಎಳೆ. ಎಡದಿಂದ ಬಲಕ್ಕೆ ಹೋಗಿ. ಗೆರೆಯ ತುದಿಯಲ್ಲಿ ಸೂಜಿ ಮೇಲೆ ತನ್ನಿ. ಅಕ್ಕಿಕಾಳಿನಷ್ಟು ಮುಂದೆ ಕೆಳಗಿಳಿಸಿ, ದಾರ ಪೂರ್ತಿ ಎಳೆಯುವ ಮೊದಲು ಆ ಹೊಲಿಗೆಯ ಅರ್ಧಕ್ಕೆ ಸೂಜಿಯನ್ನು ಮೇಲೆ ತನ್ನಿ. ಹೀಗೇ ಮುಂದುವರಿಸಿ. ನಿಯಮ ಒಂದೇ: ದಾರ ಯಾವಾಗಲೂ ಗೆರೆಯ ಒಂದೇ ಬದಿಗೆ ಇರಬೇಕು. ಕೆಳಗಿದ್ದರೆ ಕೊನೆವರೆಗೂ ಕೆಳಗೇ. ನಡುವೆ ಬದಲಾದರೆ ಹಗ್ಗದ ಹುರಿ ಮುರಿದ ಹಾಗೆ ಕಾಣುತ್ತದೆ. ತಿರುವು ಬಂದಾಗ ಹೊಲಿಗೆ ಚಿಕ್ಕದು ಮಾಡಿಕೊಳ್ಳಿ.

ಎಲೆಗೆ ಫಿಶ್‌ಬೋನ್, ಅಂದರೆ ಮೀನಿನ ಮುಳ್ಳಿನ ಹೊಲಿಗೆ. ಎಲೆಯ ತುದಿಯಿಂದ ನಡುಗೆರೆಯ ಮೇಲೆ ಒಂದು ನೇರ ಹೊಲಿಗೆ ಹಾಕಿ. ಆಮೇಲೆ ಎಡ ಅಂಚಿನಿಂದ ಮೇಲೆ ಬಂದು ನಡುಗೆರೆಯನ್ನು ಕೂದಲೆಳೆಯಷ್ಟು ದಾಟಿ ಇಳಿಯಿರಿ. ಬಲ ಅಂಚಿನಿಂದಲೂ ಹಾಗೇ. ಎಡ, ಬಲ, ಎಡ, ಬಲ. ನಡುವೆ ಹೊಲಿಗೆಗಳು ಜಡೆಯ ಹಾಗೆ ಒಂದರ ಮೇಲೊಂದು ಕೂತು ತಾನೇ ನರ ಮೂಡುತ್ತದೆ. ಹೊಲಿಗೆ ಓರೆಯಾಗಿರಲಿ. ಅಡ್ಡ ಮಲಗಿದರೆ ಎಲೆ ಹೋಗಿ ಏಣಿ ಆಗುತ್ತದೆ.

ಸೇವಂತಿಗೆ

ಈಗ ಎದುರಿಗಿರುವ ಸೇವಂತಿಗೆ ನೋಡಿ. ಸಣ್ಣ ಉದ್ದ ಪಕಳೆಗಳು, ತುದಿ ಗುಂಡಗೆ, ಎಲ್ಲವೂ ನಡುವಿನಿಂದ ಹೊರಟಿವೆ. ಇದಕ್ಕೆ ಲೇಜಿ ಡೇಜಿ ಹೇಳಿ ಮಾಡಿಸಿದ ಹಾಗಿದೆ. ಹೆಸರಿನಲ್ಲಿ ಸೋಮಾರಿ ಇದ್ದರೂ ಬಹಳ ಕೆಲಸಕ್ಕೆ ಬರುವ ಹೊಲಿಗೆ.

ಎರಡು ಎಳೆ ಹಳದಿ ತೆಗೆದುಕೊಳ್ಳಿ. ಪಕಳೆಯ ಬುಡದಲ್ಲಿ ಸೂಜಿ ಮೇಲೆ ತನ್ನಿ. ಅದೇ ತೂತಿನ ಪಕ್ಕಕ್ಕೆ ಮತ್ತೆ ಇಳಿಸಿ, ಆದರೆ ದಾರ ಎಳೆಯಬೇಡಿ, ಮೇಲೆ ಸಣ್ಣ ಕುಣಿಕೆ ಉಳಿಯಲಿ. ಪಕಳೆಯ ತುದಿಯಲ್ಲಿ, ಕುಣಿಕೆಯ ಒಳಗಿನಿಂದ ಸೂಜಿ ಮೇಲೆ ತನ್ನಿ. ಈಗ ಮೆಲ್ಲಗೆ ಎಳೆಯಿರಿ, ಕುಣಿಕೆ ಬಟ್ಟೆಗೆ ಒರಗುವವರೆಗೆ ಮಾತ್ರ. ಕುಣಿಕೆಯ ಆಚೆಗೆ ಒಂದು ಪುಟ್ಟ ಹೊಲಿಗೆ ಹಾಕಿ ಹಿಡಿದು ನಿಲ್ಲಿಸಿ. ಒಂದು ಪಕಳೆ ಆಯಿತು.

ಹೊಸಬರ ಕೈ ಇಲ್ಲೇ ತಪ್ಪುವುದು. ಬಿಗಿಯಾಗಿರಲಿ ಅಂತ ಜಗ್ಗುತ್ತಾರೆ. ಜಗ್ಗಿದರೆ ಕುಣಿಕೆ ಮುಚ್ಚಿ ಪಕಳೆ ಹೋಗಿ ಕಡ್ಡಿ ಆಗುತ್ತದೆ. ಕುಣಿಕೆಯ ನಡುವೆ ಬಟ್ಟೆ ಒಂದು ಎಳ್ಳಿನಷ್ಟು ಕಾಣುತ್ತಿದ್ದರೆ ಹದ ಸರಿಯಾಗಿದೆ ಅಂತ ಅರ್ಥ.

ಪಕಳೆಗಳನ್ನು ಒಂದು ಕಡೆಯಿಂದ ಸಾಲಾಗಿ ಹಾಕುತ್ತಾ ಬಂದರೆ ಕೊನೆಗೆ ಎರಡು ಪಕಳೆಯ ಜಾಗದಲ್ಲಿ ಒಂದೂವರೆ ಉಳಿಯುತ್ತದೆ. ಅದಕ್ಕೆ ಗಡಿಯಾರದ ಲೆಕ್ಕ ಹಿಡಿಯಿರಿ. ಮೊದಲು 12, 6, 3, 9ರ ಜಾಗಕ್ಕೆ ಒಂದೊಂದು. ಆಮೇಲೆ ನಡುವಿನ ಖಾಲಿಗೆ ಎರಡೆರಡು. ಹನ್ನೆರಡು ಪಕಳೆಯ ಸುತ್ತು ತುಂಬಿತು. ಒಳಗೆ ಸ್ವಲ್ಪ ಗಿಡ್ಡ ಪಕಳೆಗಳ ಇನ್ನೊಂದು ಸುತ್ತು, ಕಡು ಹಳದಿಯಲ್ಲಿ, ಮೊದಲ ಸುತ್ತಿನ ಸಂದಿಗಳಲ್ಲಿ. ಇಷ್ಟಾದರೆ ಹೂವು ತುಂಬಿ ಅರಳಿದ ಹಾಗೆ ಕಾಣುತ್ತದೆ.

ಸೂರ್ಯಕಾಂತಿ

ಪಕಳೆ ಈಗಾಗಲೇ ಬಂದಿದೆ. ಸೇವಂತಿಗೆಯದೇ ಹೊಲಿಗೆ, ಸ್ವಲ್ಪ ಉದ್ದ, ತುದಿಯ ಹಿಡಿತದ ಹೊಲಿಗೆಯನ್ನೂ ಕೊಂಚ ಉದ್ದ ಮಾಡಿದರೆ ಪಕಳೆ ಚೂಪಾಗುತ್ತದೆ. ಇಲ್ಲಿ ಕಲಿಯಬೇಕಾದದ್ದು ನಡುವಿನ ಕಾಳು. ಅದಕ್ಕೆ ಫ್ರೆಂಚ್ ನಾಟ್.

ಫ್ರೆಂಚ್ ನಾಟ್ ಅಂದರೆ ಅರ್ಧ ಜನ ಕಸೂತಿಯನ್ನೇ ಬಿಟ್ಟು ಓಡುತ್ತಾರೆ. ಓಡಬೇಡಿ. ಸೂಜಿ ಮೇಲೆ ಬಂತು. ಎಡಗೈಯಲ್ಲಿ ದಾರವನ್ನು ಬಟ್ಟೆಯಿಂದ ಎರಡು ಇಂಚು ದೂರಕ್ಕೆ ಬಿಗಿಯಾಗಿ ಹಿಡಿಯಿರಿ. ಸೂಜಿಯನ್ನು ದಾರಕ್ಕೆ ಒರಗಿಸಿ ದಾರವನ್ನು ಸೂಜಿಗೆ ಎರಡು ಸುತ್ತು ಸುತ್ತಿ. ಸೂಜಿ ಮೇಲೆ ಬಂದ ತೂತಿನ ಪಕ್ಕದಲ್ಲಿ, ಒಂದೆರಡು ನೂಲಿನಷ್ಟು ಆಚೆ, ಸೂಜಿಯ ಮೊನೆ ಇಳಿಸಿ. ಈಗ ಎಡಗೈಯ ದಾರವನ್ನು ಮೆಲ್ಲಗೆ ಎಳೆದು ಸುತ್ತುಗಳನ್ನು ಬಟ್ಟೆಗೆ ತಾಗುವ ಹಾಗೆ ಜಾರಿಸಿ. ಹಾಗೇ ಹಿಡಿದುಕೊಂಡು ಸೂಜಿಯನ್ನು ಕೆಳಗಿನಿಂದ ಎಳೆಯಿರಿ. ದಾರ ಪೂರ್ತಿ ಒಳಗೆ ಹೋಗುವ ಕೊನೇ ಗಳಿಗೆಯವರೆಗೂ ಎಡಗೈ ಬಿಡಬಾರದು.

ಗಂಟು ಹಿಂದಕ್ಕೆ ಬಿದ್ದು ಮಾಯವಾಯಿತು ಅಂತ ಎಲ್ಲರೂ ದೂರುತ್ತಾರೆ. ಬಂದ ತೂತಿಗೇ ಸೂಜಿ ಇಳಿಸಿದರೆ ಹಾಗಾಗುತ್ತದೆ, ಗಂಟನ್ನು ಹಿಡಿಯಲು ಬಟ್ಟೆಯೇ ಇರುವುದಿಲ್ಲ. ಗಂಟು ಸಡಿಲವಾಗಿ ಜೋತರೆ ಎಡಗೈ ಬೇಗ ಬಿಟ್ಟಿದ್ದೀರಿ. ಗಂಟು ದೊಡ್ಡದಾಗಬೇಕು ಅಂತ ನಾಲ್ಕೈದು ಸುತ್ತು ಸುತ್ತಬೇಡಿ, ಅದು ವಾಲುತ್ತದೆ. ಎಳೆ ಜಾಸ್ತಿ ಮಾಡಿ, ಸುತ್ತು ಕಡಿಮೆ ಇಡಿ. ಸೂರ್ಯಕಾಂತಿಗೆ ನಾನು ಮೂರೆಳೆ ಕಂದು ದಾರದಲ್ಲಿ ಹೊರಗಿನಿಂದ ಒಳಕ್ಕೆ ಗಂಟು ತುಂಬಿಸಿ, ಮಧ್ಯಕ್ಕೆ ನಾಲ್ಕೇ ನಾಲ್ಕು ಹಸಿರು ಗಂಟು ಹಾಕುತ್ತೇನೆ. ಹೊಲದಲ್ಲಿ ಎಳೆ ಹೂವಿನ ನಡುಭಾಗ ಇನ್ನೂ ಹಸಿರಾಗೇ ಇರುತ್ತದೆ, ಗಮನಿಸಿ.

ಮೊದಲ ಇಪ್ಪತ್ತು ಗಂಟು ಚೆನ್ನಾಗಿ ಬರುವುದಿಲ್ಲ. ಪಕ್ಕದ ಮನೆ ಹುಡುಗಿ "ಆಂಟಿ, ನನ್ನ ಕೈಲಿ ಆಗಲ್ಲ" ಅಂತ ಎದ್ದೇಬಿಟ್ಟಿದ್ದಳು. ಹಳೆ ಬಟ್ಟೆಯ ತುಂಡಿನ ಮೇಲೆ ಟೀವಿ ನೋಡುತ್ತಾ ಐವತ್ತು ಗಂಟು ಹಾಕು ಅಂದೆ. ನಲವತ್ತಕ್ಕೆ ಬಂದಾಗ ಟೀವಿಯೇ ಮರೆತಿದ್ದಳು.

ಗುಲಾಬಿ

ನೋಡಲು ಭಾರಿ, ಮಾಡಲು ಸುಲಭ. ಗುಲಾಬಿಯ ಪಕಳೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಆದ್ದರಿಂದ ಇಲ್ಲಿ ಹೊಲಿಯುವುದಕ್ಕಿಂತ ನೇಯುವುದು ಹೆಚ್ಚು. ಒಂದು ಸುತ್ತು ಬರೆದು, ನಡುವಿನಿಂದ ಅಂಚಿಗೆ ಎರಡು ಎಳೆಯಲ್ಲಿ ಐದು ಕಡ್ಡಿ ಹಾಕಿ, ಚಕ್ಕಡಿ ಗಾಲಿಯ ಅರಗಳ ಹಾಗೆ. ನಾಲ್ಕು ಅಥವಾ ಆರು ಹಾಕಬಾರದು. ಬೆಸ ಸಂಖ್ಯೆಯೇ ಆಗಬೇಕು, ಇಲ್ಲದಿದ್ದರೆ ಎರಡನೇ ಸುತ್ತಿನಲ್ಲೂ ದಾರ ಅದೇ ಕಡ್ಡಿಯ ಮೇಲೆ ಬಂದು ನೇಯ್ಗೆ ಕೂರುವುದಿಲ್ಲ.

ಈಗ ಮಾತ್ರ ಆರೂ ಎಳೆ ಒಟ್ಟಿಗೆ, ದಪ್ಪ ಕಣ್ಣಿನ ಸೂಜಿಗೆ ಏರಿಸಿ. ನಡುವಿನಿಂದ ಮೇಲೆ ಬಂದು ಒಂದು ಕಡ್ಡಿಯ ಮೇಲೆ, ಇನ್ನೊಂದರ ಕೆಳಗೆ, ಹೀಗೆ ಸುತ್ತುತ್ತಾ ಹೋಗಿ. ಸೂಜಿ ಬಟ್ಟೆಯನ್ನು ಚುಚ್ಚುವ ಹಾಗಿಲ್ಲ. ಅದಕ್ಕೆ ಸೂಜಿಯನ್ನು ತಿರುಗಿಸಿ ಕಣ್ಣಿನ ಬದಿಯಿಂದ ತೂರಿಸಿ. ಮೊದಲ ಎರಡು ಸುತ್ತು ಬಿಗಿ, ಆಮೇಲಿನವು ಸ್ವಲ್ಪ ಸ್ವಲ್ಪವೇ ಸಡಿಲ. ಒಳಗೆ ಕಡು ಗುಲಾಬಿ, ಹೊರಗೆ ತಿಳಿ ಗುಲಾಬಿ ಬಳಸಿದರೆ ಆಳ ಬರುತ್ತದೆ. ಕಡ್ಡಿಗಳು ಕಾಣದಷ್ಟು ತುಂಬಿದ ಮೇಲೆ ದಾರವನ್ನು ಅಂಚಿನ ಕೆಳಗೆ ತೂರಿಸಿ ಹಿಂದಕ್ಕೆ ಇಳಿಸಿ. ಹತ್ತು ನಿಮಿಷದ ಕೆಲಸ. ಎಲೆಕೋಸು ಹೊಲಿಯಲು ನಾನು ಮೂರು ದಿನ ತೆಗೆದುಕೊಂಡಿದ್ದೆ.

ಮಲ್ಲಿಗೆ

ಬಿಳಿ ಬಟ್ಟೆ ಮೇಲೆ ಬಿಳಿ ಮಲ್ಲಿಗೆ ಕಾಣುವುದಿಲ್ಲ. ಮಲ್ಲಿಗೆಗೆ ಬಣ್ಣದ ಬಟ್ಟೆ ಹಿಡಿಯಿರಿ. ಬಿಳಿ ಬಟ್ಟೆಯೇ ಆಗಬೇಕೆಂದರೆ ಕೆನೆ ದಾರದಲ್ಲಿ ಹೊಲಿದು ತೊಟ್ಟಿಗೆ ಹಸಿರು ಕೊಡಿ.

ಮೊಗ್ಗು ನುಣುಪು, ಉಂಡೆ. ಇದಕ್ಕೆ ಸ್ಯಾಟಿನ್ ಸ್ಟಿಚ್. ನನ್ನ ಮೊದಲ ಗುಲಾಬಿಗೆ ಈ ಅಂಚಿನಿಂದ ಆ ಅಂಚಿಗೆ ದಾರ ಎಳೆದು ತುಂಬಿಸಿದ್ದೆನಲ್ಲ, ಅದೇ. ಅದರ ಜಾಗ ಇದು. ಮೊದಲು ಮೊಗ್ಗಿನ ಗೆರೆಯ ಮೇಲೆ ಪುಟ್ಟ ಪುಟ್ಟ ಬ್ಯಾಕ್ ಸ್ಟಿಚ್ (ಸ್ವಲ್ಪ ಮುಂದೆ ಮೇಲೆ ಬಂದು, ಹಿಂದಿನ ಹೊಲಿಗೆಯ ತುದಿಗೇ ಇಳಿಯುವ ಹೊಲಿಗೆ) ಹಾಕಿ ಅಂಚು ಕಟ್ಟಿಕೊಳ್ಳಿ. ಒಳಗೆ ಉದ್ದಕ್ಕೆ ನಾಲ್ಕೈದು ಹೊಲಿಗೆ ತುಂಬಿ, ಇದು ಕಾಣುವುದಿಲ್ಲ, ಉಬ್ಬಿಗಾಗಿ. ಆಮೇಲೆ ಎರಡು ಎಳೆಯಲ್ಲಿ ಅಡ್ಡಲಾಗಿ, ಅಂಚಿನ ಹೊಲಿಗೆಯ ಹೊರಗಿನಿಂದ ಹೊರಕ್ಕೆ ಮುಚ್ಚುತ್ತಾ ಹೋಗಿ. ತುದಿಯಿಂದ ಶುರು ಮಾಡಬೇಡಿ. ನಡುವೆ ಅತಿ ಅಗಲದ ಜಾಗದಲ್ಲಿ ಮೊದಲ ಹೊಲಿಗೆ ಹಾಕಿ, ಒಂದು ಬದಿ ಮುಗಿಸಿ, ಮತ್ತೆ ನಡುವಿಗೆ ಬಂದು ಇನ್ನೊಂದು ಬದಿ ಮುಗಿಸಿ. ಆಗ ಹೊಲಿಗೆಗಳು ವಾಲುವುದಿಲ್ಲ.

ಹೊಲಿಗೆಯ ಉದ್ದ ಒಂದು ಸೆಂಟಿಮೀಟರ್ ದಾಟಬಾರದು, ದಾಟಿದರೆ ಬಳೆಗೆ, ಉಂಗುರಕ್ಕೆ ಸಿಕ್ಕಿ ಎದ್ದುಬರುತ್ತದೆ. ಮೊಗ್ಗಿನ ಕೆಳಗೆ ತಿಳಿ ಹಸಿರಿನ ಎರಡು ನೇರ ಹೊಲಿಗೆ, ಅದು ತೊಟ್ಟು. ಒಂದೊಂದು ಮೊಗ್ಗನ್ನು ಒಂದೊಂದು ಕಡೆ ವಾಲಿಸಿ ಏಳೆಂಟು ಸಾಲಾಗಿ ಹೊಲಿದರೆ ಬ್ಲೌಸಿನ ತೋಳಿಗೆ ಕಟ್ಟಿದ ದಂಡೆಯ ಹಾಗೇ ಕಾಣುತ್ತದೆ.

ಹತ್ತಿ ಹೂವು

ಇದನ್ನು ಹೊಲಿದವರು ಕಡಿಮೆ. ನನಗೆ ಮಾತ್ರ ಇದರ ಮೇಲೆ ಪ್ರೀತಿ. ಈಗ ಊರ ಸುತ್ತ ಮೆಕ್ಕೆಜೋಳವೇ ಜಾಸ್ತಿ, ಆದರೂ ಹತ್ತಿ ಹೊಲ ಕಂಡರೆ ಇಳಿದು ನೋಡುತ್ತೇನೆ. ಐದು ಪಕಳೆ, ಒಂದಕ್ಕೊಂದು ಒರಗಿ ಬಟ್ಟಲಿನ ಹಾಗೆ. ಅರಳಿದ ದಿನ ಕೆನೆ ಬಣ್ಣ, ಮಾರನೇ ದಿನ ಗುಲಾಬಿಗೆ ತಿರುಗಿ ಮುದುಡುತ್ತದೆ. ಒಂದೇ ಗಿಡದಲ್ಲಿ ಎರಡೂ ಬಣ್ಣದ ಹೂವು ಇರುತ್ತವೆ. ಕಸೂತಿಗೆ ಇದಕ್ಕಿಂತ ಒಳ್ಳೆ ಬಣ್ಣದ ಜೋಡಿ ಬೇಕಾ?

ಅಗಲ ಪಕಳೆಗೆ ಸ್ಯಾಟಿನ್ ಆಗುವುದಿಲ್ಲ, ಹೊಲಿಗೆ ಉದ್ದವಾಗಿಬಿಡುತ್ತದೆ. ಅದಕ್ಕೆ ಲಾಂಗ್ ಅಂಡ್ ಶಾರ್ಟ್. ಒಂದೇ ಎಳೆ ಸಾಕು. ಮೊದಲು ಪೆನ್ಸಿಲ್‌ನಲ್ಲಿ ಪಕಳೆಯ ಅಂಚಿನಿಂದ ಹೂವಿನ ನಡುವಿಗೆ ನಾಲ್ಕೈದು ದಿಕ್ಕಿನ ಗೆರೆ ಎಳೆದುಕೊಳ್ಳಿ. ಹೊಲಿಗೆಗಳೆಲ್ಲ ಆ ದಿಕ್ಕಿಗೇ ಮುಖ ಮಾಡಬೇಕು. ಹೊರ ಅಂಚಿನಲ್ಲಿ ಮೊದಲ ಸಾಲು, ಕೆನೆ ಬಣ್ಣ: ಒಂದು ಉದ್ದ, ಒಂದು ಗಿಡ್ಡ. ಹೊರ ಅಂಚು ಸಮ, ಒಳ ಅಂಚು ಬಾಚಣಿಗೆಯ ಹಲ್ಲು ಮುರಿದ ಹಾಗೆ. ಎರಡನೇ ಸಾಲು ಹಳದಿ ಅಥವಾ ತಿಳಿ ಗುಲಾಬಿ: ಮೊದಲ ಸಾಲಿನ ಹೊಲಿಗೆಯ ತುದಿಯನ್ನು ಸೀಳಿಕೊಂಡು ಸೂಜಿ ಮೇಲೆ ಬರಲಿ, ನಡುವಿನ ಕಡೆಗೆ ಇಳಿಯಲಿ. ಹೊಲಿಗೆಗಳ ಉದ್ದ ಹೆಚ್ಚುಕಡಿಮೆ ಇದ್ದಷ್ಟೂ ಎರಡು ಬಣ್ಣ ಸೇರುವ ಗಡಿ ಕಾಣುವುದಿಲ್ಲ. ಬುಡಕ್ಕೆ ಬಂದ ಹಾಗೆ ಜಾಗ ಕಿರಿದಾಗುತ್ತದೆ, ಅಲ್ಲಿ ನಡುನಡುವೆ ಒಂದೊಂದು ಹೊಲಿಗೆ ಬಿಟ್ಟುಬಿಡಿ. ನಡುವೆ ಹಳದಿ ಫ್ರೆಂಚ್ ನಾಟ್ ಆರೇಳು. ಒಂದು ಪಕಳೆಗೆ ಒಂದು ಗಂಟೆ ಹಿಡಿದರೂ ಬೇಜಾರಾಗಬೇಡಿ, ನನಗೂ ಹಿಡಿಯುತ್ತದೆ.

ಒಂದಿಷ್ಟು ಕೈಗುಟ್ಟು

ದಾರ ಶುರು ಮಾಡುವಾಗ ಗಂಟು ಹಾಕಿದರೂ ನಡೆಯುತ್ತದೆ, ಆದರೆ ಇಸ್ತ್ರಿ ಮಾಡಿದಾಗ ಗಂಟು ಮೇಲೆ ಎದ್ದು ಕಾಣಬಹುದು. ಆಮೇಲೆ ಮುಚ್ಚಿಹೋಗುವ ಜಾಗದಲ್ಲಿ ಎರಡು ಚುಕ್ಕಿಯಂಥ ಹೊಲಿಗೆ ಹಾಕಿ ಶುರು ಮಾಡುವುದು ಒಳ್ಳೆಯದು. ಮುಗಿಸುವಾಗ ಹಿಂಬದಿಯಲ್ಲಿ ಮೂರ್ನಾಲ್ಕು ಹೊಲಿಗೆಯ ಕೆಳಗೆ ಸೂಜಿ ತೂರಿಸಿ ಕತ್ತರಿಸಿ. ಒಂದು ಹೂವಿನಿಂದ ಇನ್ನೊಂದಕ್ಕೆ ಹಿಂಬದಿಯಲ್ಲೇ ದಾರ ಹಾರಿಸಬೇಡಿ. ಎರಡು ಸೆಂಟಿಮೀಟರ್‌ಗಿಂತ ದೂರವಿದ್ದರೆ ಕತ್ತರಿಸಿ ಹೊಸದಾಗಿ ಶುರು ಮಾಡಿ. ತಿಳಿ ಬಟ್ಟೆಯಲ್ಲಿ ಆ ದಾರ ಮುಂದಿನಿಂದ ನೆರಳಿನ ಹಾಗೆ ಕಾಣುತ್ತದೆ.

ಹಗಲ ಬೆಳಕಲ್ಲಿ, ಎಡಬದಿಗೆ ಕಿಟಕಿ ಇರುವ ಹಾಗೆ ಕೂತು ಹೊಲಿಯಿರಿ. ಎಡಗೈಯವರಿಗೆ ಬಲಬದಿ. ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಕೈ ಬೆವರಿ ಬಿಳಿ ದಾರ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಗಾಗ ಕೈ ತೊಳೆಯುತ್ತಿರಿ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ರಿಂಗು ಮುಟ್ಟುವ ಆಸೆಯಂತೂ ಬಿಟ್ಟುಬಿಡಿ. ಎಣ್ಣೆಯ ಬೆರಳಚ್ಚು ಹೋಗಿಸುವುದು ಹೂವು ಹೊಲಿಯುವುದಕ್ಕಿಂತ ಕಷ್ಟ.

ತಪ್ಪಾದರೆ ಬಿಚ್ಚಿ. ಸೂಜಿಯನ್ನು ಹಿಂದಕ್ಕೆ ತೂರಿಸಿ ಬಿಚ್ಚಲು ಹೋದರೆ ಇನ್ನಷ್ಟು ಸಿಕ್ಕಾಗುತ್ತದೆ. ಸೂಜಿಯಿಂದ ದಾರ ತೆಗೆದು, ಒಂದೊಂದೇ ಹೊಲಿಗೆ ಎತ್ತಿ ಬಿಡಿಸಿ. ಬಿಚ್ಚಿದ ದಾರವನ್ನು ಮತ್ತೆ ಬಳಸುವ ಜಿಪುಣತನ ಬೇಡ.

ಒಗೆತ, ಇಸ್ತ್ರಿ

ಕೆಂಪು, ಕಡು ನೀಲಿ, ಮರೂನ್ ದಾರ ತಂದಾಗ ಬಟ್ಟೆಗೆ ಹಾಕುವ ಮೊದಲೇ ಪರೀಕ್ಷೆ ಮಾಡಿ. ಒಂದು ತುಂಡು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಬಣ್ಣ ಬಿಟ್ಟರೆ ಆ ದಾರ ಹೂವಿಗೆ ಬೇಡ. ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಹೊಳೆಯುವ ಕೆಂಪು ದಾರ ತಂದು ದಾಸವಾಳ ಹೊಲಿದೆ. ಒಗೆದ ಮೇಲೆ ಬಿಳಿ ಟೇಬಲ್ ಬಟ್ಟೆಯೆಲ್ಲ ಓಕುಳಿ. ಕೊಟ್ಟ ಅಂಗಡಿಯವರು "ಒಗೀಬೇಕು ಅಂತ ಮೊದಲೇ ಹೇಳ್ಬೇಕಿತ್ತಲ್ವಾ" ಅಂದರು!

ಕಸೂತಿ ಮುಗಿದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ. ನೀಲಿ ಪೆನ್ ಬಳಸಿದ್ದರೆ ಸೋಪಿಗಿಂತ ಮೊದಲು ಬರೀ ನೀರಲ್ಲೇ ಆ ಗೆರೆ ಹೋಗಬೇಕು. ಆಮೇಲೆ ಮೃದು ಸೋಪಿನ ನೀರಲ್ಲಿ ಮೆಲ್ಲಗೆ ಅದುಮಿ ತೆಗೆಯಿರಿ. ಕುಕ್ಕಬೇಡಿ, ಹಿಂಡಬೇಡಿ. ದಪ್ಪ ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ನೆರಳಲ್ಲಿ ಒಣಗಿಸಿ.

ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ. ಟವೆಲ್ಲನ್ನು ಎರಡು ಮಡಿಕೆ ಮಾಡಿ ಹಾಸಿ, ಹೂವು ಕೆಳಗೆ ಬರುವ ಹಾಗೆ ಬಟ್ಟೆ ಮಗುಚಿ ಹಾಕಿ, ಹಿಂಬದಿಯಿಂದ ಒತ್ತಿ. ಎಳೆಯುವುದಲ್ಲ, ಒತ್ತಿ ಎತ್ತುವುದು. ಗಂಟು, ಮೊಗ್ಗು ಎಲ್ಲ ಟವೆಲ್‌ನೊಳಗೆ ಇಳಿದು ಚಪ್ಪಟೆಯಾಗದೆ ಉಳಿಯುತ್ತವೆ.

ಪಕ್ಕದ ಮನೆ ಹುಡುಗಿ ಐದೂ ಹೂವಿನ ಕರ್ಚೀಫು ಮುಗಿಸಿ ದೊಡ್ಡಮ್ಮನಿಗೆ ತೋರಿಸಲು ತಂದಳು. ಎಂಬತ್ತು ದಾಟಿದ ದೊಡ್ಡಮ್ಮ ಕನ್ನಡಕ ಏರಿಸಿ, ಹೂವಿನ ಕಡೆ ಕಣ್ಣೂ ಹಾಯಿಸದೆ ಮೊದಲು ಬಟ್ಟೆ ತಿರುಗಿಸಿ ಹಿಂಬದಿ ನೋಡಿದರು. ಗುಲಾಬಿಯಿಂದ ಮಲ್ಲಿಗೆಗೆ ಹಾರಿಸಿದ್ದ ಒಂದು ಉದ್ದ ದಾರವನ್ನು ಉಗುರಲ್ಲಿ ಮೀಟಿ, "ಇದೊಂದು ಕತ್ತರಿಸಿ ಸರಿ ಮಾಡಮ್ಮ" ಅಂದರು. ಆಮೇಲೆ ತಿರುಗಿಸಿ ಹತ್ತಿ ಹೂವಿನ ಮೇಲೆ ಬೆರಳಾಡಿಸುತ್ತಾ ಸುಮಾರು ಹೊತ್ತು ಕೂತಿದ್ದರು.